ಕಾರ್ಮಿನ್ ಬಾಯಿಯ ಸಾಕ್ಷ್ಯ

೧೯೭೮ರಲ್ಲಿ ನಾನು ಉಡುಪಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಸಹಾಯಕ ಸರಕಾರಿ ಅಭಿಯೋಜಕನಾಗಿದ್ದೆ. ಅಂದರೆ ಪೊಲೀಸರು ಹಾಕಿದ ಕೇಸನ್ನು ಸರಕಾರದ ಪರವಾಗಿ ನಡೆಸುವ ವಕೀಲ. ಅದಕ್ಕೂ ಮೊದಲು ಕಾರ್ಕಳದಲ್ಲಿದ್ದೆ. ಎರಡೂ ಕಡೆ ನನ್ನ ತಲೆ ತಿಂದದ್ದು ಕಳ್ಳರಲ್ಲ, ಸಾಕ್ಷಿಗಳು. ಠಾಣೆಯಲ್ಲಿ ಒಂದು ಹೇಳಿ, ಕಟಕಟೆ ಹತ್ತಿದ ಮೇಲೆ ತಮಗೇನೂ ಗೊತ್ತಿಲ್ಲವೆಂದು ಕೈಯೆತ್ತುವವರನ್ನು ನಾವು ಪ್ರತಿಕೂಲ ಸಾಕ್ಷಿ ಎನ್ನುತ್ತೇವೆ. ಅಂಥವರನ್ನು ಕಂಡು ಕಂಡು ಮನುಷ್ಯರ ಮಾತಿನ ಮೇಲೆ ನನಗೆ ನಂಬಿಕೆಯೇ ಹೋಗಿತ್ತು.

ಆ ವರ್ಷ ನನ್ನ ಮೇಜಿಗೆ ಬಂದದ್ದು ಕಾಪುವಿನ ಒಂದು ಅಪಘಾತದ ಕೇಸು. ಆಗ ಮಂಗಳೂರು–ಉಡುಪಿ ರಸ್ತೆಯಲ್ಲಿ ಖಾಸಗಿ ಬಸ್ಸುಗಳು ಜನ ಹತ್ತಿಸಿಕೊಳ್ಳಲು ಪೈಪೋಟಿಯಿಂದ ಓಡುತ್ತಿದ್ದವು. ಮುಂದಿನ ಬಸ್ಸು ನಿಲ್ದಾಣದಲ್ಲಿ ನಿಂತರೆ, ಹಿಂದಿನದು ಅದನ್ನು ದಾಟಿ ಅದರ ಮೂತಿಗೇ ಅಡ್ಡವಾಗಿ ನುಗ್ಗಿ ನಿಲ್ಲುವುದು ಜಾಣತನ ಎನಿಸಿಕೊಂಡಿತ್ತು. ಫೆಲಿಕ್ಸ್ ಎಂಬ ಚಾಲಕ ಒಂದು ಬೆಳಿಗ್ಗೆ ಹಾಗೆಯೇ ನುಗ್ಗಿಸಿದ. ರಸ್ತೆಯಂಚಿನಲ್ಲಿ ಮಲ್ಲಿಗೆಯ ಕಟ್ಟು ಹಿಡಿದು ನಿಂತಿದ್ದ ಆಲ್ವಿನ್ ಎಂಬ ಹತ್ತೊಂಬತ್ತರ ಹುಡುಗ ಚಕ್ರದಡಿಗೆ ಬಿದ್ದ. ಮಣಿಪಾಲಕ್ಕೆ ಒಯ್ಯುವ ದಾರಿಯಲ್ಲೇ ಪ್ರಾಣ ಹೋಯಿತು.

ಪಕ್ಕದಲ್ಲೇ ನಿಂತು ಎಲ್ಲವನ್ನೂ ಕಂಡವರು ಅವನ ತಾಯಿ ಕಾರ್ಮಿನ್ ಬಾಯಿ. ಕ್ರೈಸ್ತ ವಿಧವೆ. ಮನೆಯಂಗಳದಲ್ಲಿ ಮಲ್ಲಿಗೆ ಬೆಳೆದು, ಉಡುಪಿಗೆ ಕಳುಹಿಸಿ, ಇದ್ದೊಬ್ಬ ಮಗನನ್ನು ಸಾಕಿದವರು. ಫೆಲಿಕ್ಸ್ ಅವರ ನೆರೆಮನೆಯವನು, ಅದೇ ಇಗರ್ಜಿಯವನು. ಅವರ ಹೂವಿನ ಕಟ್ಟನ್ನು ದಿನವೂ ಉಡುಪಿಗೆ ಒಯ್ದು ಕೊಡುತ್ತಿದ್ದವನೂ ಅವನೇ. ಆ ಬೆಳಿಗ್ಗೆ ಹುಡುಗ ಕಾಯುತ್ತಿದ್ದದ್ದು ಅವನ ಬಸ್ಸಿಗೇ.

ವಿಚಾರಣೆಗೆ ಮೊದಲು ಕಾರ್ಮಿನ್ ಬಾಯಿ ನನ್ನನ್ನು ನೋಡಲು ಬಂದರು. ಜತೆಗೆ ಅವರ ವಾಳೆಯ ಗುರಿಕಾರರಿದ್ದರು. ಇಗರ್ಜಿಗೆ ಸೇರಿದ ಒಂದೊಂದು ಕೇರಿಯ ಮನೆಗಳಿಗೂ ಇಂಥ ಒಬ್ಬ ಹಿರಿಯರಿರುತ್ತಾರೆ.

“ಸಾರ್, ಇದನ್ನು ರಾಜಿ ಮಾಡ್ಲಿಕ್ಕೆ ಆಗ್ತದಾ?” ಎಂದರು ಗುರಿಕಾರರು.

ನಿರ್ಲಕ್ಷ್ಯದಿಂದ ಆದ ಸಾವಿನ ಕೇಸು ರಾಜಿಗೆ ಬರುವುದಿಲ್ಲ, ತಾಯಿ ಒಪ್ಪಿದರೂ ಸರಕಾರ ಬಿಡುವಂತಿಲ್ಲ ಎಂದೆ.

“ಹಾಗಾದ್ರೆ ಹುಡುಗನೇ ಅಡ್ಡ ಓಡಿದ ಅಂತ ಬಾಯಿ ಹೇಳ್ಲಿ. ಅವರು ಕ್ಷಮಿಸಿ ಆಯ್ತು. ಫೆಲಿಕ್ಸನಿಗೆ ಮೂರು ಸಣ್ಣ ಮಕ್ಕಳುಂಟು. ಕ್ಷಮಿಸಿದ ಮೇಲೆ ಪುನಃ ಎಂತ ಸಾಕ್ಷಿ?”

ನನಗೆ ಮೈಯುರಿಯಿತು. ಸುಳ್ಳು ಹೇಳುವುದಕ್ಕೆ ಕ್ಷಮೆ ಎಂದು ಹೆಸರಿಡಬೇಡಿ ಎಂದು ರೇಗಿದೆ. ಗುರಿಕಾರರು ಕೆಟ್ಟವರಲ್ಲ. ಮನೆ ಮನೆಗೆ ಹೋಗಿ ಜಗಳ ಬಿಡಿಸಿ ಅಭ್ಯಾಸವಾದ ಅವರಿಗೆ ಕ್ಷಮಿಸುವುದೆಂದರೆ ನಡೆದದ್ದನ್ನು ನಡೆದೇ ಇಲ್ಲ ಎನ್ನುವುದು. ಇಡೀ ಕೇರಿ ಹಾಗೆಯೇ ನಂಬಿತ್ತು.

ಅಷ್ಟು ಹೊತ್ತು ನೆಲ ನೋಡುತ್ತಿದ್ದ ಕಾರ್ಮಿನ್ ಬಾಯಿ ತಲೆಯೆತ್ತಿದರು. “ನಾನು ಕ್ಷಮಿಸ್ಲಿಲ್ಲ ಸಾರ್. ಇವರೆಲ್ಲ ಹೇಳುದು. ಸಂಜೆ ಪ್ರಾರ್ಥನೆಯಲ್ಲಿ ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಹಾಗೆ ಅಂತ ಒಂದು ಮಾತು ಬರ್ತದಲ್ಲ, ಅಲ್ಲಿ ನನ್ನ ಬಾಯಿ ಕಟ್ತದೆ. ಉಳಿದದ್ದೆಲ್ಲ ಹೇಳ್ತೇನೆ, ಅದೊಂದು ಬಿಡ್ತೇನೆ. ಮಗ ಹೋದ ಮೇಲೆ ಇಗರ್ಜಿಯ ಪೂಜೆಯಲ್ಲಿ ಪರಮಪ್ರಸಾದ ಸಹ ತಗೊಳ್ಲಿಲ್ಲ.”

ಅವರು ಕಟಕಟೆಯಲ್ಲಿ ಏನು ಹೇಳುತ್ತಾರೆಂದು ಕೇಳುವ ಧೈರ್ಯ ನನಗಾಗಲಿಲ್ಲ. ವಿಚಾರಣೆ ಶುರುವಾದಾಗ ಫೆಲಿಕ್ಸನ ಬಸ್ಸಿನ ನಿರ್ವಾಹಕ ತಿರುಗಿಬಿದ್ದ. ನಿಲ್ದಾಣದ ಅಂಗಡಿಯವನು ತಾನು ಆಗ ಒಳಗಿದ್ದೆ ಎಂದ. ಉಳಿದದ್ದು ಈ ತಾಯಿ ಒಬ್ಬರೇ. ಅವರೂ ಕೈಬಿಟ್ಟರೆ ಫೆಲಿಕ್ಸ್ ಬಿಡುಗಡೆ, ಆಲ್ವಿನ್ ತನ್ನ ತಪ್ಪಿನಿಂದಲೇ ಸತ್ತವನು ಎಂದು ದಾಖಲೆ.

ಕಾರ್ಮಿನ್ ಬಾಯಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದರು. “ನಿಂತ ಬಸ್ಸನ್ನು ದಾಟಿ ಬಂತು. ಮಗ ಓಡ್ಲಿಲ್ಲ. ನಿಂತಲ್ಲೇ ಇದ್ದ. ಹೂ ಕೊಡ್ಲಿಕ್ಕೆ ಕೈ ಮುಂದೆ ಮಾಡಿದ್ದ,” ಎಂದರು. ಆರೋಪಿಯ ಜಾಗದಲ್ಲಿ ನಿಂತಿದ್ದ ಫೆಲಿಕ್ಸ್ ಮುಖ ತಿರುಗಿಸಿಕೊಂಡ.

ಎದುರು ಪಕ್ಷದ ವಕೀಲರು ಪಾಟೀಸವಾಲಿಗೆ ನಗುತ್ತಲೇ ಎದ್ದರು. “ನೀವು ಇವನನ್ನು ಕ್ಷಮಿಸಿದ್ದೀರಿ ಅಂತ ಊರಿಗೆಲ್ಲ ಗೊತ್ತುಂಟು. ಮತ್ತೆ ಈ ದ್ವೇಷ ಎಂತಕ್ಕೆ ಬಾಯಮ್ಮ?”

“ನಿನ್ನೆವರೆಗೆ ಕ್ಷಮಿಸಿರ್ಲಿಲ್ಲ,” ಎಂದರು ಅವರು, ಕಟಕಟೆಯ ಮರವನ್ನು ಬಿಗಿಯಾಗಿ ಹಿಡಿದು. “ನಿನ್ನೆ ಸಂಜೆ ಪ್ರಾರ್ಥನೆಯಲ್ಲಿ ಆ ಮಾತು ಬಾಯಿಗೆ ಬಂತು. ಇವತ್ತು ಅವನು ಎಂತದೂ ಮಾಡ್ಲಿಲ್ಲ ಅಂತ ಹೇಳಿದ್ರೆ, ನಾನು ಕ್ಷಮಿಸಿದ್ದು ಎಂತದನ್ನು?”

ಪಾಟೀಸವಾಲು ಮುಗಿಯಿತು ಎಂದು ವಕೀಲರು ಕುಳಿತರು. ಕಾನೂನಿನ ಪುಸ್ತಕಗಳ ನಡುವೆ ಅಷ್ಟು ವರ್ಷ ಕಳೆದವನಿಗೆ ಇದು ಹೊಳೆದಿರಲೇ ಇಲ್ಲ.

ಫೆಲಿಕ್ಸನಿಗೆ ಜೈಲು ಶಿಕ್ಷೆಯಾಯಿತು. ನ್ಯಾಯಾಲಯದ ಜಗಲಿಯಲ್ಲಿ ಅವನ ಹೆಂಡತಿ ಲಿಲ್ಲಿ ಕಾರ್ಮಿನ್ ಬಾಯಿಯ ಮುಂದೆ ನಿಂತು, ಎಂಥ ಕ್ಷಮೆ ನಿನ್ನದು, ನನ್ನ ಮಕ್ಕಳ ಅನ್ನ ಕಿತ್ತುಕೊಂಡೆ ಎಂದು ಕೊಂಕಣಿಯಲ್ಲಿ ಚೀರಿದಳು. ಕಾರ್ಮಿನ್ ಬಾಯಿ ಅಳುತ್ತ ನಿಂತಿದ್ದರು. ಪೊಲೀಸರ ನಡುವಿನಿಂದ ಫೆಲಿಕ್ಸ್, “ಬಾಯಿಗೆ ಬೈಬೇಡ ಲಿಲ್ಲಿ. ಅವರು ಹೇಳಿದ್ದು ಸತ್ಯ,” ಎಂದ. ವಿಚಾರಣೆಯುದ್ದಕ್ಕೂ ತಾನು ನಿರಪರಾಧಿ ಎಂದವನ ಬಾಯಲ್ಲಿ ಅದು ಮೊದಲ ಸಲ ಬಂತು. ನ್ಯಾಯಾಲಯದ ಒಳಗೆ ಬರಲಿಲ್ಲ, ಹೊರಗೆ ಬಂತು.

೧೯೮೪ರಲ್ಲಿ ಒಂದು ಬೆಳಿಗ್ಗೆ ಕಾಪುವಿನಲ್ಲಿ ಬಸ್ಸಿಗೆ ನಿಂತಿದ್ದಾಗ ಅವರನ್ನು ಕಂಡೆ. ಕಂಕುಳಲ್ಲಿ ಮಲ್ಲಿಗೆಯ ಕಟ್ಟು, ಕೂದಲು ಪೂರ್ತಿ ಬೆಳ್ಳಗೆ. ಫೆಲಿಕ್ಸ್ ಜೈಲಿನಿಂದ ಬಂದ ಮೇಲೆ ಸ್ಟಿಯರಿಂಗ್ ಮುಟ್ಟಲಿಲ್ಲವಂತೆ, ಮಲ್ಪೆಯಲ್ಲಿ ಮೀನಿನ ಬೋಟಿಗೆ ಹೋಗುತ್ತಾನಂತೆ. ಲಿಲ್ಲಿ ಇವತ್ತಿಗೂ ಇವರನ್ನು ಮಾತಾಡಿಸುವುದಿಲ್ಲ. ಕ್ರಿಸ್ಮಸ್ ಹಬ್ಬಕ್ಕೆ ಇವರು ಕೊಟ್ಟುಬಂದ ಕುಸ್ವಾರ್ ತಿಂಡಿಗಳ ತಟ್ಟೆ ಹಾಗೆಯೇ ಹಿಂದೆ ಬರುತ್ತದೆ.

“ನಿಮ್ಮ ಕಡೆಯಿಂದ ಕ್ಷಮಿಸಿ ಆಯಿತಲ್ಲ, ನೆಮ್ಮದಿಯಾಗಿರಿ,” ಎಂದೆ. ತೀರ್ಪು ಬಂದ ದಿನ ಕಡತ ಮುಚ್ಚಿ ಅಭ್ಯಾಸವಾದವನ ಮಾತು.

“ಆಯ್ತು ಅಂತ ಇಲ್ಲ ಸಾರ್. ದಿನಾ ಇಲ್ಲಿಗೇ ಬರ್ಬೇಕಲ್ಲ. ಬಸ್ಸಿನ ಹಾರ್ನ್ ಕೇಳಿದ ಕೂಡ್ಲೆ ಎಲ್ಲ ಪುನಃ ಕಾಣ್ತದೆ. ಪುನಃ ಕ್ಷಮಿಸ್ಬೇಕು.”

ಕ್ಷಮೆ ಎಂಬುದು ಮೆತ್ತಗಿನ ಮನಸ್ಸಿನವರ ಕೆಲಸ ಎಂದುಕೊಂಡಿದ್ದವನು ನಾನು. ಅದರಷ್ಟು ಕಠಿಣವಾದದ್ದನ್ನು ಯಾವ ನ್ಯಾಯಾಲಯವೂ ಯಾರ ಮೇಲೂ ವಿಧಿಸಿದ್ದನ್ನು ನನ್ನ ವೃತ್ತಿಯಲ್ಲಿ ಕಾಣಲಿಲ್ಲ. ಅಷ್ಟರಲ್ಲಿ ಪಡುಬಿದ್ರಿಯ ಕಡೆಯಿಂದ ಹಾರ್ನ್ ಕೇಳಿಸಿತು. ಕಾರ್ಮಿನ್ ಬಾಯಿ ರಸ್ತೆಯಂಚಿನಿಂದ ಒಂದು ಹೆಜ್ಜೆ ಹಿಂದೆ ಸರಿದು ಹೂವಿನ ಕಟ್ಟನ್ನು ಎದೆಗೆ ಒತ್ತಿಕೊಂಡರು. ಅವರ ತುಟಿ ಅಲುಗುತ್ತಿತ್ತು.