ಮದ್ದಳೆಯವನ ಮನೆಯ ಹಲಸು

ನನ್ನ ಮನೆಮಾತು ಕೊಂಕಣಿ, ಗಂಡನದು ತುಳು. ಪ್ರೀತಿಗೆ ಯಾವ ಭಾಷೆಯಾದರೂ ನಡೆಯುತ್ತಿತ್ತು. ಜಗಳಕ್ಕೆ ಮಾತ್ರ ಇಬ್ಬರಿಗೂ ಸಮನಾದ ಕನ್ನಡವೇ ಬೇಕಾಗುತ್ತಿತ್ತು. ನಾನು ಹೇಳಹೊರಟ ವರ್ಷ ನಮ್ಮ ಮನೆಯಲ್ಲಿ ಕನ್ನಡ ಬಹಳ ಬೆಳೆಯಿತು.

ಮಗಳು ಹುಟ್ಟಿದ ಮೇಲೆ ಫಳ್ನೀರಿನ ಫ್ಲ್ಯಾಟ್ ಬಿಟ್ಟು ಕದ್ರಿ ಗುಡ್ಡದ ಕೆಳಗೆ ಹತ್ತು ಸೆಂಟ್ಸ್ ಜಾಗ ಕೊಂಡೆವು. ಅದರಲ್ಲಿ ಹಳೆಯ ಹಂಚಿನ ಮನೆ, ಒಂದು ಬಾವಿ. ಕೋಳಿ ಸಾಕಬೇಕು, ಬಸಳೆ ಚಪ್ಪರ ಹಾಕಬೇಕು, ತಿನ್ನುವುದರಲ್ಲಿ ಅರ್ಧವನ್ನಾದರೂ ನಾವೇ ಬೆಳೆಯಬೇಕು ಎಂಬ ಹುಚ್ಚು. ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು, ಅವನು ಯಕ್ಷಗಾನ ಮೇಳಗಳಿಗೆ ಮದ್ದಳೆ ಮಾಡಿಕೊಡುವವನು. ಹಾರೆ ಹಿಡಿದ ಅಭ್ಯಾಸ ಇಬ್ಬರಿಗೂ ಇರಲಿಲ್ಲ. ಮೊದಲ ಬಸಳೆಯನ್ನು ಕೋಳಿಗಳೇ ತಿಂದು ಮುಗಿಸಿದವು.

ಆ ಜಾಗವನ್ನು ನಾನು ಒಪ್ಪಿದ್ದೇ ಅಂಗಳದ ಹಲಸಿನ ಮರ ನೋಡಿ. ಎಲೆಯಲ್ಲಿ ಕೊಟ್ಟೆ ಕಡುಬು, ಕಾಯಲ್ಲಿ ಪಲ್ಯ, ಹಪ್ಪಳ, ಮಗಳಿಗೆ ನೆರಳು. ಆದರೆ ಮದ್ದಳೆಗೂ ಹಲಸಿನ ಮರವೇ ಆಗಬೇಕು. ಗಂಡ ಅದರ ಬೊಡ್ಡೆಯನ್ನು ಕೆಳಗಿನಿಂದ ಮೇಲಕ್ಕೆ ಅಳೆಯುವಂತೆ ನೋಡಿದ. ಅಂದೇ ಅವನ ಕೈಯನ್ನು ಮರದ ಮೇಲೆ ಇಡಿಸಿ, ಇದಕ್ಕೆ ಗರಗಸ ತಾಗಿಸುವುದಿಲ್ಲವೆಂದು ಆಣೆ ಹಾಕಿಸಿದೆ. ಅವನು ನಗುತ್ತಲೇ ಹಾಕಿದ.

ಅವನಿಗೊಂದು ಚಾಳಿ ಉಂಟು. ಎದುರಿಗೆ ಏನು ಸಿಕ್ಕಿದರೂ ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಾನೆ: ಬಾಗಿಲು, ಕಲ್ಲಂಗಡಿ, ನಮ್ಮ ಮದುವೆಯ ದಿನ ಛತ್ರದ ಕಂಬ. ಎರಡನೆಯ ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಲಸಿನ ಬೊಡ್ಡೆ ತಟ್ಟಿ, ಕಿವಿಯಿಟ್ಟು ನಿಲ್ಲತೊಡಗಿದ. ನನಗೆ ಅದು ಬೆಕ್ಕು ಹಾಲಿನ ಪಾತ್ರೆಯ ಸುತ್ತ ಸುಳಿದಂತೆ ಕಂಡಿತು. ಕಿಟಕಿಯಿಂದ ನೋಡುತ್ತಾ ಹಲ್ಲು ಕಡಿಯುತ್ತಿದ್ದೆ.

ಒಂದು ದಿನ ಒಳಗೆ ಬಂದವನೇ, "ತೊಟ್ಟಿಲನ್ನು ನಿನ್ನ ಚಿತ್ರದ ಕೋಣೆಗೆ ಹಾಕುವ" ಎಂದ. ಮಗಳು ಮಲಗುತ್ತಿದ್ದುದು ಮರದ ಪಕ್ಕದ ಕೋಣೆಯಲ್ಲಿ.

"ಯಾಕೆ?"

"ಮರದ ಬುಡ ಪೊಳ್ಳು ಉಂಟು. ಕಡಿಸುವುದು ಒಳ್ಳೆಯದು."

"ಹಾಂ, ಬಂತು! ಇದನ್ನೇ ಕಾಯ್ತಾ ಇದ್ದೆ ನಾನು. ಎಲೆ ಹಸಿರು ಉಂಟು, ಮೈತುಂಬ ಕಾಯಿ ಉಂಟು. ಪೊಳ್ಳು ಎಂತ ಮಾರಾಯ?"

ಅವನು ಕಾಫಿ ಲೋಟ ಕೆಳಗಿಟ್ಟ. "ಮದ್ದಳೆ ಮಾಡುವವ ಹಲಸಿನ ಮರ ಕಡಿಯುವ ಅಂದ್ರೆ ಯಾರೂ ನಂಬುದಿಲ್ಲ. ನೀನೂ ನಂಬಬೇಡ. ತೊಟ್ಟಿಲು ಒಂದು ಸರಿಸು ಮಾರಾಯ್ತಿ."

ನಾನು ಸರಿಸಲಿಲ್ಲ. ಅವನೇ ಸರಿಸಿದ. ನಾನು ವಾಪಸು ತಂದಿಟ್ಟೆ. ಹೀಗೆ ತೊಟ್ಟಿಲು ಎರಡು ಕೋಣೆಗಳ ನಡುವೆ ನೆಂಟರಂತೆ ತಿರುಗಿತು, ನಾವು ಊಟಕ್ಕೆ ಕೂತರೆ ಉಪ್ಪು ಕೇಳುವಷ್ಟು ಮಾತೂ ಇರಲಿಲ್ಲ. ಅವನಿಗೆ ಮರವೂ ಬೇಕು, ನನ್ನ ಕೋಣೆಯೂ ಬೇಕು ಎಂದೇ ನನ್ನ ಲೆಕ್ಕ.

ಮಳೆಗಾಲಕ್ಕೆ ಮುಂಚಿನ ಮೊದಲ ಗಾಳಿ ಎದ್ದ ಮಧ್ಯಾಹ್ನ ಅವನು ಮದ್ದಳೆ ಕೊಟ್ಟುಬರಲು ಹೋಗಿದ್ದ. ಮಗಳು ಮರದ ಪಕ್ಕದ ಕೋಣೆಯಲ್ಲೇ ನಿದ್ದೆಹೋಗಿದ್ದಳು. ಕರೆಂಟು ಹೋಯಿತು. ಹಂಚುಗಳು ಕಟಕಟ ಅಂದವು. ಆಗ ಮರದ ಒಳಗಿನಿಂದ ಒಂದು ಶಬ್ದ ಬಂತು. ಕೊಂಬೆ ಮುರಿದದ್ದಲ್ಲ, ಆಳದಲ್ಲಿ ಯಾರೋ ನರಳಿದ ಹಾಗೆ. ಮಗಳನ್ನು ಬಾಚಿಕೊಂಡು ಚಿತ್ರದ ಕೋಣೆಗೆ ಓಡಿ, ಬಣ್ಣದ ಡಬ್ಬಿಗಳ ನಡುವೆ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಮರ ತೊಟ್ಟಿಲಿನ ಮೇಲೆ ಬೀಳುವುದನ್ನು ಮನಸ್ಸು ಮತ್ತೆ ಮತ್ತೆ ಬರೆದು ತೋರಿಸುತ್ತಿತ್ತು. ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ.

ಗಾಳಿ ನಿಂತಿತು. ಮರವೂ ನಿಂತೇ ಇತ್ತು. ಮಗಳನ್ನು ಸೊಂಟದಲ್ಲಿಟ್ಟುಕೊಂಡು ಅಂಗಳಕ್ಕಿಳಿದು, ನಾನೇ ತಟ್ಟಿ ನೋಡಿದೆ. ತಲೆಯ ಎತ್ತರದಲ್ಲಿ ಗಟ್ಟಿ ದನಿ. ಬಗ್ಗಿ ಮೊಣಕಾಲಿನ ಮಟ್ಟದಲ್ಲಿ ತಟ್ಟಿದೆ. ಆ ದನಿ ನನಗೆ ಹೊಸದಾಗಿರಲಿಲ್ಲ. ಇನ್ನೂ ಚರ್ಮ ಹಾಕದೆ ಅವನ ಕೆಲಸದ ಷೆಡ್ಡಿನಲ್ಲಿ ಸಾಲಾಗಿ ನಿಂತ ಖಾಲಿ ಮದ್ದಳೆಗಳ ದನಿ ಅದು.

ಅವನು ಬರುವ ಮೊದಲೇ ಮರ ಕಡಿಯುವವನಿಗೆ ಫೋನ್ ಮಾಡಿದೆ, ತೊಟ್ಟಿಲನ್ನು ಚಿತ್ರದ ಕೋಣೆಗೆ ಎಳೆದೆ. ಗಂಡ ಬಂದು ತೊಟ್ಟಿಲನ್ನು ನೋಡಿದ, ನನ್ನನ್ನು ನೋಡಿದ, ಕೈಕಾಲು ತೊಳೆಯಲು ಹೋದ.

ಕಡಿದಾಗ ಬುಡದೊಳಗೆ ಬರೀ ಕಪ್ಪು ಹುಡಿ. ಕೈ ಹಾಕಿದರೆ ಮೊಣಕೈವರೆಗೆ ಹೋಯಿತು. ಮೇಲಿನ ತುಂಡು ಮಾತ್ರ ಗಟ್ಟಿ, ಅರಿಶಿನದ ಬಣ್ಣ. "ಇದರಲ್ಲಿ ಒಳ್ಳೆ ಮದ್ದಳೆ ಆಗ್ತದೆ," ಎಂದ ಕಡಿಯುವವ.

"ಬೇಡ," ಎಂದ ಗಂಡ.

ನನಗೆ ನಾಚಿಕೆಗಿಂತ ಮೊದಲು ಸಿಟ್ಟು ಬಂತು. "ಬೇಡ ಅಂದ್ರೆ ಎಂತ? ನಾನೇ ಹೇಳ್ತಾ ಇದ್ದೇನಲ್ಲ, ತೆಗೆದುಕೋ."

"ಇವತ್ತು ಹೇಳ್ತೀ. ಇನ್ನೊಮ್ಮೆ ಜಗಳ ಆಗುವಾಗ ಆ ಮದ್ದಳೆಯೇ ಎದುರು ಬರ್ತದೆ. ಬೇಡ ಮಾರಾಯ್ತಿ."

ಹಾಗಾಗುವುದಿಲ್ಲ ಎನ್ನಲು ಬಾಯಿ ತೆರೆದೆ. ಆದರೆ ನನ್ನ ಬಾಯಿ ನನಗಿಂತ ಚೆನ್ನಾಗಿ ಅವನಿಗೆ ಗೊತ್ತು.

ತುಂಡು ಅಂಗಳದ ಮೂಲೆಯಲ್ಲೇ ಉಳಿಯಿತು. ಅದರ ಮೇಲೆ ಕೋಳಿಗಳು ಕೂರುತ್ತವೆ, ಬಿಸಿಲಿದ್ದಾಗ ನಾನು ಹಪ್ಪಳ ಹರಡುತ್ತೇನೆ. ಮಗಳಿಗೆ ಅಪ್ಪನ ಚಾಳಿಯೇ ಬಂದಿದೆ. ಪುಟ್ಟ ಗೆಣ್ಣಿನಿಂದ ಅದನ್ನು ತಟ್ಟಿ, ಕಿವಿಯಿಟ್ಟು ಕೇಳುತ್ತಾಳೆ. ಅವನು ದಿನಾ ಅದರ ಪಕ್ಕದಿಂದಲೇ ಷೆಡ್ಡಿಗೆ ಹೋಗುತ್ತಾನೆ. ಬಾವಿಕಟ್ಟೆ ತಟ್ಟುತ್ತಾನೆ, ಕೋಳಿಗೂಡು ತಟ್ಟುತ್ತಾನೆ. ಆ ತುಂಡನ್ನು ಮಾತ್ರ ಇವತ್ತಿನವರೆಗೆ ತಟ್ಟಿಲ್ಲ.