ಹೇಗೂ ಬಂದಿದೀರಲ್ಲ

ಬೆಳಕು ಹರಿಯುವ ಮೊದಲು ಅವಳು ಮುಗಿಸುವ ಕೆಲಸಗಳು ಇವು: ಹಾಲು ಕಾಯಿಸುವುದು, ಮಾವನ ಮಾತ್ರೆಗೆ ನೀರು ಬಿಸಿಗಿಡುವುದು, ರಾತ್ರಿ ನೆನೆಹಾಕಿದ ಬಟ್ಟೆ ಹಿಂಡಿ ಹರವುವುದು, ಮಗಳ ಡಬ್ಬಿಗೆ, ಗಂಡನ ಡಬ್ಬಿಗೆ, ಮಧ್ಯಾಹ್ನ ಮನೆಯಲ್ಲೇ ಉಳಿಯುವ ಇಬ್ಬರಿಗೆ ಅಡುಗೆ ಮಾಡುವುದು. ತರಕಾರಿ ಒಂದೇ. ಆದರೆ ಮಾವನಿಗೆ ಖಾರ ಕಡಿಮೆ, ಗಂಡನಿಗೆ ಜಾಸ್ತಿ, ಮಗಳಿಗೆ ಅದು ತರಕಾರಿ ಅಂತ ಗೊತ್ತಾಗಬಾರದು. ಇದರ ನಡುವೆ ಕ್ಯಾಮೆರಾದ ಬ್ಯಾಟರಿಗಳನ್ನು ಚಾರ್ಜಿಗೆ ಹಾಕುವುದು, ಹಿಂದಿನ ದಿನ ತೆಗೆದ ಪಾಸ್‌ಪೋರ್ಟ್ ಫೋಟೋಗಳ ಹಿನ್ನೆಲೆ ಬಿಳಿ ಮಾಡುವುದು.

"ಹೇಗೂ ಎದ್ದಿದೀಯಲ್ಲ, ಆ ನೀಲಿ ಶರ್ಟಿಗೊಂದು ಗುಂಡಿ ಹಾಕಿಬಿಡು" ಎಂದ ಗಂಡ, ಹೊದಿಕೆಯೊಳಗಿಂದಲೇ.

ಅವಳು ಗುಂಡಿ ಹಾಕಿದಳು. ಸೂಜಿ ಬೆರಳಿಗೆ ಚುಚ್ಚಿತು. ಮನಸ್ಸು ಶರ್ಟಿನಲ್ಲಿರಲಿಲ್ಲ, ಕಲ್ಯಾಣ ಮಂಟಪದಲ್ಲಿತ್ತು.

ಬೀಗದ ಕೈ ಮಾಡುವವನ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಅವಳ ಸ್ಟುಡಿಯೋಗೆ ಹಿಂದಿನ ದಿನ ಮಂಟಪದ ಯಜಮಾನರು ತಾವೇ ಬಂದಿದ್ದರು. ಬೀದಿಗೆಲ್ಲ ಅವಳು ಫೋಟೋದಕ್ಕ. ಗುರುತಿನ ಚೀಟಿಗೆ ಮುಖ, ಕೂಸುಗಳಿಗೆ ಮೊದಲ ಫೋಟೋ, ಶಾಲೆಯ ಗುಂಪು, ಇಷ್ಟೇ ಅವಳ ವ್ಯಾಪಾರ. ಮದುವೆಗಳೆಲ್ಲ ಮುಖ್ಯರಸ್ತೆಯ ದೊಡ್ಡ ಸ್ಟುಡಿಯೋದ ಗಂಡಸರ ಪಾಲು. ಒಂದು ಮದುವೆ ಸಿಕ್ಕರೆ ಸಾಕು ಎಂದು ಅವಳು ವರ್ಷಗಟ್ಟಲೆ ಕಾದಿದ್ದಳು. ಸಿಕ್ಕಿತು, ಹೀಗೆ:

"ನೋಡಮ್ಮ, ನನ್ನ ಚಿಕ್ಕ ಮಗಳು ಹೆಂಗಸೇ ಫೋಟೋ ತೆಗೀಬೇಕು ಅಂತ ಹಟ ಹಿಡಿದಿದಾಳೆ. ನಾನು ದುಡ್ಡಿನ ಮಾತಾಡಲ್ಲ, ಅದಕ್ಕಿಂತ ದೊಡ್ಡದು ಕೊಡ್ತೀನಿ. ಮಂಟಪ ಬುಕ್ ಮಾಡೋಕೆ ಬಂದವರಿಗೆಲ್ಲ ನಿನ್ನ ಹೆಸರೇ ಹೇಳ್ತೀನಿ. ನಾಳೆ ಸಂಜೆಯೊಳಗೆ ತಿಳಿಸಿಬಿಡು. ದೊಡ್ಡ ಸ್ಟುಡಿಯೋದವರೂ ಕೇಳ್ತಾ ಇದಾರೆ."

ಬೆಣ್ಣೆಯೊಳಗಿಂದ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ಹೋದ ಮೇಲೂ ಮಾತು ಅಂಗಡಿಯಲ್ಲೇ ಉಳಿದಿತ್ತು.

ಗಂಡ ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತ ತನ್ನ ತೀರ್ಪು ಕೊಟ್ಟ. ಅವನು ಫ್ಯಾನು, ಮಿಕ್ಸಿ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. "ಬಿತ್ತದೆ ಬೆಳೆ ಬರುತ್ತಾ? ಒಪ್ಕೋ."

"ನಿಮ್ಮಂಗಡೀಲಿ ಮೊದಲನೇ ಮಿಕ್ಸಿ ಸುಮ್ನೆ ಕೊಡ್ತೀರಾ?"

"ಅದು ಬೇರೆ. ಮಿಕ್ಸಿಗೆ ಕಂಪನಿಗೆ ದುಡ್ಡು ಕಟ್ಟಿರ್ತೀವಿ. ನಿನ್ನ ಫೋಟೋಗೇನು ಖರ್ಚು?"

"ಎರಡು ದಿನ ಬೆಳಗ್ಗಿಂದ ರಾತ್ರಿವರೆಗೆ ಅಲ್ಲೇ ಇರಬೇಕು. ಮನೆ?"

"ಮುಂಚೇನೇ ಮಾಡಿಟ್ಟು ಹೋಗು. ನಾನೇನು ಬೇಡ ಅಂದ್ನಾ?"

ಅವನು ಬೇಡ ಅಂದಿರಲಿಲ್ಲ, ನಿಜ. ಅನುಮತಿಯನ್ನು ಒಡವೆಯ ಹಾಗೆ ಕೊಟ್ಟು ಮೆಟ್ಟಿಲಿಳಿದು ಹೋದ. ಆ ಒಡವೆಯನ್ನೂ ತಿಕ್ಕಿ ತೊಳೆಯುವವಳು ಅವಳೇ ಆಗಬೇಕಿತ್ತು.

ಕಾಲು ಒಂದು ಕಡೆ ನಿಲ್ಲಲಿಲ್ಲ. ಒಲೆ ಒರೆಸಿದಳು, ಒರೆಸಿದ ಒಲೆಯನ್ನೇ ಮತ್ತೆ ಒರೆಸಿದಳು. ಕೊನೆಗೆ, ಬೆಳಕು ಹೇಗಿದೆ ನೋಡಿ ಬರೋಣ, ನೋಡೋದಕ್ಕೇನು ದುಡ್ಡೇ ಎಂದು ಕ್ಯಾಮೆರಾ ಹೆಗಲಿಗೇರಿಸಿ ಮಂಟಪಕ್ಕೆ ಹೊರಟಳು. ಅವಳು ಬೆಳಕು ನೋಡುವ ರೀತಿಯೊಂದಿದೆ. ಜನರನ್ನು ತೆಗೆಯುವ ಮೊದಲು ತನ್ನದೇ ಎಡ ಅಂಗೈಯನ್ನು ಕಿಟಕಿಯ ಮುಂದೆ ಹಿಡಿದು ಅದರ ಫೋಟೋ ತೆಗೆಯುತ್ತಾಳೆ. ಗೆರೆಗಳು ಮೃದುವಾಗಿ ಬಂದರೆ ಮುಖವೂ ಮೃದುವಾಗಿ ಬರುತ್ತದೆ. ಅದನ್ನು ಅವಳು ಎಂದೂ ಕೆಲಸವೆಂದು ಎಣಿಸಿದವಳಲ್ಲ.

ಮಂಟಪದ ದೊಡ್ಡ ಕೋಣೆಯಲ್ಲಿ ಅಂಗೈ ಹಿಡಿದು ನಿಂತಿದ್ದಾಗ ಯಜಮಾನರ ಹೆಂಡತಿ ಬಂದರು. ಒಳ್ಳೆಯ ಹೆಂಗಸು, ಮೊದಲು ಚಹಾ ಕೊಟ್ಟರು.

"ಹೇಗೂ ಬಂದಿದೀರಲ್ಲ, ನಮ್ಮತ್ತೇದೊಂದು ತೆಗೆದುಬಿಡಿ. ಇವತ್ತು ಸ್ವಲ್ಪ ಗೆಲುವಾಗಿದಾರೆ."

ಅತ್ತೆಯದು ತೆಗೆದಳು. ಅತ್ತೆಯ ಜೊತೆ ಮೊಮ್ಮಕ್ಕಳದು. ಹೇಗೂ ಮೇಲೆ ಹತ್ತಿದ್ದೀರಲ್ಲ ಎಂದು ಮಹಡಿಯಿಂದ ಊಟದ ಮನೆಯದು. ಹೇಗೂ ದೀಪ ಹಚ್ಚಿದೆಯಲ್ಲ ಎಂದು ವೇದಿಕೆಯದು. ಪ್ರತಿ ಸಲವೂ ಇಲ್ಲ ಎನ್ನಲು ಬಾಯಿ ತೆರೆದಳು. ಆದರೆ ಇಷ್ಟು ಸಣ್ಣದಕ್ಕೆ ಇಲ್ಲ ಎಂದರೆ ಸಣ್ಣತನವಾಗುತ್ತದೆ ಎಂದು ಮುಚ್ಚಿದಳು.

ಆಮೇಲೆ ಮದುಮಗಳ ಅಲಂಕಾರದ ಕೋಣೆ. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಮದುವೆಯಾಗಲಿರುವ ಆ ಚಿಕ್ಕ ಮಗಳು ಹೊಸ ಬಟ್ಟೆಯ ಅಳತೆ ನೋಡುತ್ತ ಹೇರ್‌ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಕಿಟಕಿಯತ್ತ ತಿರುಗಿದಳು, ಯಾರೂ ನೋಡುತ್ತಿಲ್ಲವೆಂಬಂತೆ. ಫೋಟೋದಕ್ಕನ ಬೆರಳು ತಾನಾಗಿ ಒತ್ತಿತು. ಪರದೆಯಲ್ಲಿ ಅದನ್ನು ದೊಡ್ಡದು ಮಾಡಿ ನೋಡಿದಳು. ಇಂಥದ್ದನ್ನು ಅವಳು ಇದುವರೆಗೆ ತೆಗೆದಿರಲಿಲ್ಲ. ಬಿಳಿ ಹಿನ್ನೆಲೆಯ ಮುಂದೆ ಗದ್ದ ಮೇಲೆತ್ತಿ, ಕಿವಿ ಕಾಣಲಿ ಎನ್ನುತ್ತ ಕಳೆದ ದಿನಗಳೆಲ್ಲ ಒಮ್ಮೆಗೇ ಉಸಿರು ಕಟ್ಟಿಸುವಷ್ಟು ಇಕ್ಕಟ್ಟೆನಿಸಿದವು. ಆ ಮದುವೆ ಅವಳಿಗೆ ಬೇಕಿತ್ತು. ಬೇಕೇ ಬೇಕಿತ್ತು.

ಹೊರಗೆ ಬಾಗಿಲಲ್ಲಿ ಏಣಿಯ ಮೇಲೆ ನಿಂತು ಹೂವಿನ ಅಲಂಕಾರದವಳು ತಂತಿ ಬಿಗಿಯುತ್ತಿದ್ದಳು.

"ನೀವಾ ಈ ಸಲದ ಫ್ರೀ?" ಎಂದಳು, ನಗುತ್ತ.

"ಇನ್ನೂ ಒಪ್ಪಿಲ್ಲ."

"ಒಪ್ಪದೇನೇ ಇಷ್ಟು ತೆಗೆದ್ರಾ? ಒಪ್ಪಿದ್ರೆ ನೆಲ ಸಾರಿಸ್ತೀರೇನೋ." ಅವಳು ಒಂದು ಮೆಟ್ಟಿಲು ಇಳಿದಳು. "ನಾನೂ ಹಾಗೇ ಬಂದವಳು. ಮಂಟಪ ಶುರುವಾದಾಗ, ದೊಡ್ಡ ಮಗಳ ಮದುವೆಗೆ."

"ಆಮೇಲೆ ಕೆಲಸ ಕೊಡಿಸ್ಲಿಲ್ವಾ?"

"ಕೊಡಿಸಿದ್ರು ಕಣ್ರಿ. ಸುಳ್ಳು ಹೇಳಬಾರ್ದು, ಮಾತು ಉಳಿಸ್ಕೊಂಡ್ರು. ಮೂಗಿಗೆ ತುಪ್ಪ ಸವರೋ ಜನ ಅಲ್ಲ. ಆದ್ರೆ ಬಂದವರೆಲ್ಲ ಮೊದಲು ಕೇಳೋದೇ, ಅವರಿಗೆ ಸುಮ್ನೆ ಮಾಡಿಕೊಟ್ರಂತಲ್ಲ, ನಮಗೆಷ್ಟು ಬಿಡ್ತೀರಾ ಅಂತ. ಅರ್ಧಕ್ಕೇ ಮಾಡ್ತಾ ಇದೀನಿ. ಇನ್ನರ್ಧಕ್ಕೆ ಹತ್ತೋಕೆ ಈ ಏಣಿ ಸಾಲ್ತಾ ಇಲ್ಲ."

ಮೋಸ ಎಂದಿದ್ದರೆ ಸುಲಭವಾಗುತ್ತಿತ್ತು. ಬೈದುಕೊಂಡು ಮನೆಗೆ ಹೋಗಬಹುದಿತ್ತು.

ಮನೆಗೆ ಬಂದಾಗ ಮಾವ ತಟ್ಟೆಯ ಮುಂದೆ ಕೂತು ಗಡಿಯಾರ ನೋಡುತ್ತಿದ್ದರು. ಅಡುಗೆ ಒಲೆಯ ಪಕ್ಕದಲ್ಲೇ ಇತ್ತು, ಬಡಿಸುವವರು ಇರಲಿಲ್ಲ. ಅತ್ತೆಗೆ ಮಂಡಿನೋವು, ಮಾವನಿಗೆ ಗಂಡಸುತನ. ಬಡಿಸಿ ಕೈ ತೊಳೆದು ಅವಳು ಅತ್ತೆಯ ಪಕ್ಕ ಕೂತು ಎಲ್ಲ ಹೇಳಿದಳು.

ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತ ಕೇಳಿದರು. ಆಮೇಲೆ ಹೇಳಿದರು: "ನಾನು ಹೊಸದಾಗಿ ಬಂದಾಗ ಈ ಮನೇಲಿ ಹನ್ನೊಂದು ಜನ. ಒಳ್ಳೆ ಹೆಸರು ಬರ್ಲಿ ಅಂತ, ಬಟ್ಟೆಯೆಲ್ಲ ನಾನೇ ಒಗೀತೀನಿ ಬಿಡಿ ಅಂದೆ. ಒಂದು ವಾರಕ್ಕೆ ಅಂದಿದ್ದು."

"ಆಮೇಲೆ?"

"ಒಳ್ಳೆ ಹೆಸರು ಬಂತು. ನಿನ್ನ ಮಾವನ ತಂಗಿ ಮದುವೆಯಾಗಿ ಹೋದ ಮೇಲೂ ತವರಿಗೆ ಬರೋವಾಗ ಗಂಡನ ಬಟ್ಟೆ ಗಂಟು ಕಟ್ಕೊಂಡು ಬರೋಳು. ಅತ್ತಿಗೆ ಒಗೆದ್ರೇನೇ ಬೆಳ್ಳಗಾಗೋದು ಅಂತ."

"ನೀವು ಆಗಲ್ಲ ಅನ್ನಬಾರ್ದಿತ್ತಾ ಅತ್ತೆ?"

"ಮೊದಲನೇ ದಿನ ಅಂದಿದ್ರೆ ಸೋಮಾರಿ ಅಂತಿದ್ರು. ಹತ್ತು ವರ್ಷ ಆದ ಮೇಲೆ ಅಂದಿದ್ರೆ ಕೊಬ್ಬು ಅಂತಿದ್ರು. ನಡುವೆ ಯಾವ ದಿನ ಅನ್ನಬೇಕಿತ್ತೋ ನಂಗೆ ಗೊತ್ತಾಗ್ಲೇ ಇಲ್ಲ." ಅತ್ತೆ ನಾರನ್ನು ಒಟ್ಟು ಮಾಡಿ ಪಕ್ಕಕ್ಕಿಟ್ಟರು. "ಒಪ್ಕೋ ಅಂತಾನೂ ಹೇಳಲ್ಲ, ಬಿಡು ಅಂತಾನೂ ಹೇಳಲ್ಲ. ನಂಗೆ ಫೋಟೋ ವಿಷಯ ಏನು ಗೊತ್ತು."

ಸ್ಟುಡಿಯೋಗೆ ಬಂದು ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಳು. ಯಜಮಾನರ ತಾಯಿ, ಮೊಮ್ಮಕ್ಕಳು, ವೇದಿಕೆ, ಊಟದ ಮನೆ, ಸಾಲುಸಾಲಾಗಿ ಬಂದವು. ತನ್ನ ಅಂಗೈ ಇದ್ದದ್ದು ಎರಡೇ ಎರಡು. ಫೋನು ಕುಂಯ್‌ಗುಟ್ಟಿತು. ಯಜಮಾನರ ಹೆಂಡತಿಯ ಸಂದೇಶ: ಬೆಳಗಿನ ಫೋಟೋಗಳನ್ನು ಸ್ವಲ್ಪ ಚೆನ್ನಾಗಿ ಮಾಡಿ ಕಳಿಸಿಬಿಡಿ, ಮಂಟಪದ ಬೋರ್ಡಿಗೂ ಬೇಕು.

ಎದ್ದು ನಿಂತಳು, ಕೂತಳು. ಶಟರ್ ಅರ್ಧ ಎಳೆದಳು, ಗಿರಾಕಿ ಬಂದಾರೆಂದು ಮತ್ತೆ ಎತ್ತಿದಳು. ಆಗಲ್ಲ ಎಂದರೆ ಆ ಕಿಟಕಿ, ಆ ಹುಡುಗಿ, ಎಲ್ಲವೂ ದೊಡ್ಡ ಸ್ಟುಡಿಯೋದವರ ಪಾಲು. ಆಗಲಿ ಎಂದರೆ ಹೂವಿನವಳ ಏಣಿ. ಗಂಡನಿಗೊಂದು ಮಾತು ಕೇಳೋಣವೆಂದು ಅವನ ನಂಬರು ತೆಗೆದಳು. ಅವನು ಏನು ಹೇಳುತ್ತಾನೆಂಬುದು ಆಗಲೇ ಗೊತ್ತಿತ್ತು. ಕರೆ ಮಾಡಲಿಲ್ಲ.

ಯಜಮಾನರಿಗೆ ಬರೆಯತೊಡಗಿದಳು. ಬರೆದಳು, ಅಳಿಸಿದಳು, ಬರೆದಳು.

"ನಿಮ್ಮ ಮಗಳ ಮದುವೆಯ ಫೋಟೋ ತೆಗೆಯಲು ನನಗೆ ಇಷ್ಟವಿದೆ. ಎರಡು ದಿನಕ್ಕೆ ನನ್ನ ದರ ಕೆಳಗಿದೆ. ಬೆಳಗ್ಗೆ ತೆಗೆದ ಫೋಟೋಗಳ ದರ ಬೇರೆ ಬರೆದಿದ್ದೇನೆ. ನಿಮ್ಮ ಮಂಟಪದಿಂದ ಈ ದರದಲ್ಲಿ ನನಗೆ ಮೂರು ಮದುವೆ ಬಂದರೆ, ಆಮೇಲೆ ನಿಮ್ಮ ಮನೆಯ ಒಂದು ಸಮಾರಂಭಕ್ಕೆ ದುಡ್ಡಿಲ್ಲದೆ ತೆಗೆದುಕೊಡುತ್ತೇನೆ."

ಸರಿಯಾಗಿ ಓದಿದರೆ ಅವರು ನಗಬಹುದು. ಸಿಟ್ಟಾಗಬಹುದು. ಉತ್ತರವೇ ಬರದೆಯೂ ಇರಬಹುದು, ಹಾಗಾದರೆ ನಾಳೆಯಿಂದ ಮತ್ತೆ ಗದ್ದ ಮೇಲೆ, ಕಿವಿ ಕಾಣಲಿ. ದರದ ಕೊನೆಗೆ, ಸ್ವಲ್ಪ ಕಡಿಮೆ ಮಾಡಿಕೊಡುತ್ತೇನೆ ಎಂದು ಸೇರಿಸಲು ಬೆರಳು ತುಡಿಯಿತು. ಎರಡು ಅಕ್ಷರ ಸೇರಿಸಿಯೂ ಬಿಟ್ಟಳು. ಅವೆರಡನ್ನೂ ಅಳಿಸಿ, ಇನ್ನೊಮ್ಮೆ ಓದದೆ, ಕಳಿಸಿದಳು.