ರೊಟ್ಟಿಯೊಳಗಿನ ಗಾಳಿ

ಐದಕ್ಕೆ ಏಳುವುದು, ಆರಕ್ಕೆ ನಡಿಗೆ, ಹನ್ನೆರಡೂವರೆಗೆ ಊಟ. ನಿವೃತ್ತಿಯ ನಂತರವೂ ನನ್ನ ದಿನಚರಿ ತಪ್ಪಿರಲಿಲ್ಲ. ಆ ಶನಿವಾರ ಮಾತ್ರ ಊಟ ಅರ್ಧಕ್ಕೇ ನಿಂತಿತು.

ನಾನು ವಿಜ್ಞಾನ ಕಲಿಸುತ್ತಿದ್ದ ಹುಬ್ಬಳ್ಳಿಯ ಶಾಲೆಯಲ್ಲಿ ಹತ್ತನೆಯ ತರಗತಿಯವರಿಗೆ ಒಂದು ಸಿನಿಮಾ ತೋರಿಸಿದ್ದರು. ಬೇರೆ ಗ್ರಹದಲ್ಲಿ ಒಬ್ಬಳೇ ಉಳಿದ ಹೆಣ್ಣುಮಗಳ ಕಥೆ. ಅದರಲ್ಲಿ ಖರೆ ಯಾವುದು, ಸುಳ್ಳು ಯಾವುದು ಎಂದು ಹೇಳಲು ನನ್ನನ್ನು ಅಂದು ಬೆಳಿಗ್ಗೆ ಕರೆದಿದ್ದರು. ಅವಳ ಕೈಜಾರಿದ ಸುತ್ತಿಗೆ ನಿಧಾನವಾಗಿ ಬಿದ್ದದ್ದು ಸರಿ, ಅಲ್ಲಿ ಸೆಳೆತ ಕಡಿಮೆ ಎಂದೆ. ಆದರೆ ಗುಡಾರದೊಳಗೆ ಗಾಳಿ ತೀರುತ್ತ ಬಂದಾಗ ಅವಳು ಉಳಿದ ಹಿಟ್ಟಿನಿಂದ ಕರೆಂಟಿನ ಒಲೆಯ ಮೇಲೆ ರೊಟ್ಟಿ ಸುಡುತ್ತಾಳೆ, ಅದು ಉಬ್ಬುತ್ತದೆ. ಇದು ಸುಳ್ಳು, ಗಾಳಿಯೇ ಇಲ್ಲದಲ್ಲಿ ರೊಟ್ಟಿಗೆ ಗಾಳಿ ಎಲ್ಲಿಂದ ತುಂಬೀತು ಎಂದು ಬರೆಸಿದೆ.

ಊಟಕ್ಕೆ ಕುಳಿತು ಇದನ್ನೇ ಹೆಮ್ಮೆಯಿಂದ ಹೆಂಡತಿಗೆ ಹೇಳಿದೆ. ಆಕೆ ಹಂಚಿನ ಮೇಲೆ ಉಬ್ಬಿದ್ದ ಜೋಳದ ರೊಟ್ಟಿಯನ್ನು ಚಮಚದ ತುದಿಯಿಂದ ಚುಚ್ಚಿ, ಆ ತೂತಿನ ಮೇಲೆ ಕೈ ಹಿಡಿಯಲು ಹೇಳಿದಳು. ಹಿಡಿದೆ. ಚುರ್ರೆಂದು ಸುಟ್ಟಿತು.

"ಗಾಳಿ ಅಂತ ಬಾಯಿಲೆ ಅಂತೀವ್ರಿ. ಒಳಗ ಇರೋದು ಉಗಿ. ಹಿಟ್ಟಿಗೆ ಎಸರಿನ ನೀರು ನಾ ಸುಮ್ನ ಹಾಕ್ತೇನೇನು?"

ರೊಟ್ಟಿ ಗಾಳಿ ತುಂಬಿ ಉಬ್ಬಿತು ಎನ್ನುವುದು ನಮ್ಮ ಮನೆಗಳ ಮಾತು. ಅದನ್ನೇ ನಾನು ವಿಜ್ಞಾನವೆಂದು ಬರೆಸಿದ್ದೆ. ಹೊರಗಿನ ಒತ್ತಡ ಕಡಿಮೆಯಾದರೆ ನೀರು ಬೇಗ ಕುದಿಯುತ್ತದೆ, ಉಗಿಗೆ ಉಬ್ಬಿಸುವುದು ಇನ್ನೂ ಸುಲಭ. ಈ ಪಾಠವನ್ನು ವರ್ಷ ವರ್ಷವೂ ಮಾಡಿದವನು ನಾನೇ. ಸಿನಿಮಾದವರು ಸರಿ, ಮಾಸ್ತರ ತಪ್ಪು. ಮಕ್ಕಳ ನೋಟುಬುಕ್ಕಿನಲ್ಲಿ ಆ ತಪ್ಪು ಕೂತುಬಿಟ್ಟಿತ್ತು.

ರವಿವಾರ ಶಾಲೆಗೆ ರಜೆ. ನಡಿಗೆಗೆ ಹೋದವನು ಅರ್ಧ ದಾರಿಯಿಂದ ಮರಳಿದೆ. ಪತ್ರಿಕೆಯ ಒಂದೇ ಸಾಲನ್ನು ಮೂರು ಸಲ ಓದಿದೆ. ಮುಖ್ಯಾಧ್ಯಾಪಕರಿಗೆ ಎರಡನೆಯ ಸಲ ಫೋನ್ ಮಾಡಿದಾಗ ಅವರು, "ಸೋಮವಾರ ಬರ್ರಿ ಸರ, ಅಷ್ಟರಾಗ ಯಾರೂ ಆ ಗ್ರಹಕ್ಕ ಹೋಗೂದಿಲ್ಲ" ಎಂದರು. ನನಗೆ ನಗು ಬರಲಿಲ್ಲ.

ಸೋಮವಾರ ಪ್ರಾರ್ಥನೆಗೆ ಮುಂಚೆಯೇ ಗೇಟಿನಲ್ಲಿದ್ದೆ. ಮೊದಲ ಅವಧಿಯಲ್ಲಿ ತಪ್ಪೊಪ್ಪಿಕೊಂಡು ಆ ಸಾಲನ್ನು ಹೊಡೆದುಹಾಕಲು ಹೇಳಿ, ನೋಟುಬುಕ್ಕುಗಳನ್ನು ನೋಡುತ್ತ ಬಂದೆ. ಒಬ್ಬ ಹುಡುಗಿಯ ಪುಟದಲ್ಲಿ ಹೊಡೆಯಲು ಏನೂ ಇರಲಿಲ್ಲ.

"ನಾ ಬರ್ಕೊಂಡಿಲ್ರಿ ಸರ. ಮನ್ಯಾಗ ದಿನಾ ರೊಟ್ಟಿ ಬಡಿಯಾಕಿ ನಾನ."

ಶನಿವಾರವೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಡುವ ಬಾಯಿ ಹಾಕಿದ್ರ ಹೊರಗ ನಿಂದರಿಸ್ತೇನಿ ಅಂದಿದ್ರೆಲ್ರಿ."

ಅಂದಿದ್ದೆ. ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟು, ರೊಟ್ಟಿ ಯಾಕೆ ಉಬ್ಬುತ್ತದೆ ಎಂದು ಹಲಗೆಯ ಮೇಲೆ ಬರೆಯಲು ಹೇಳಿದೆ.